ಲೆಕ್ಕ ಬಾರದೋ, ಓದು ಬಾರದೋ?

ಎಂಟು ತೆಂಗಿನಕಾಯಿಗೆ 240 ರೂಪಾಯಿ, ಒಂದಕ್ಕೆಷ್ಟು? ತುಮಕೂರು ತಾಲ್ಲೂಕಿನ ಕೋರದ ಕಡೆಯ ಹುಡುಗನನ್ನು ಬಾಯಲ್ಲಿ ಕೇಳಿ, ಥಟ್ಟನೆ ಹೇಳಿಯಾನು. ಅದೇ ಲೆಕ್ಕ ‘ಪ್ರತಿಯೊಂದರ ಕ್ರಯವೆಷ್ಟು?’ ಎಂದು ಅಚ್ಚಾಗಿದ್ದರೆ ತಡವರಿಸುವವರುಂಟು. ‘ಲೆಕ್ಕದಲ್ಲಿ ದಡ್ಡ’ ಎಂದು ಟ್ಯೂಷನ್ನಿಗೆ ಕಳಿಸುತ್ತೇವೆ. ತೊಡಕಿರುವುದು ‘ಕ್ರಯ’ದಲ್ಲಿ!

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ‘ನಲಿ-ಕಲಿ’ಯಲ್ಲಿ ಮೂರನೇ ತರಗತಿಯವರೆಗೆ ಕಾರ್ಡು, ಹಾಡುಗಳ ಮೂಲಕ ಓದು ಕಲಿಸುತ್ತಾರೆ. ನಾಲ್ಕರಿಂದ ಪುಸ್ತಕಗಳ ಭಾರ. ಓದಿಸುವುದು ಕನ್ನಡ ಮೇಷ್ಟರ ಪಾಲು ಎಂಬ ಭಾವನೆ ಬೇರೆ. ಆದರೆ ‘ದ್ಯುತಿಸಂಶ್ಲೇಷಣೆ’ಯನ್ನು ಬಿಡಿಸಿ ಓದಿಸಬೇಕಾದವರು ವಿಜ್ಞಾನದ ಮೇಷ್ಟರೇ: ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸುವುದು. ನಕ್ಷೆಯ ಮೂಲೆಯಲ್ಲಿರುವ ಸೂಚಿಯನ್ನು ಓದಿಸುವುದು ಸಮಾಜ ಪಾಠದವರ ಕೆಲಸ.

ಮನೆಯಲ್ಲೋ? ಲೆಕ್ಕವನ್ನು ಎರಡು ಸಲ ಗಟ್ಟಿಯಾಗಿ ಓದಿಸಿ. ‘ಏನು ಕೇಳಿದ್ದಾರೆ, ನಿನ್ನ ಮಾತಲ್ಲಿ ಹೇಳು ಮಗಾ’ ಎನ್ನಿ. ಉತ್ತರ ಆಮೇಲೆ.