ಕರುಳಿನ ಉರಿಯೂತಕ್ಕೆ ಕಾಂಡಕೋಶ
ಕ್ರೋನ್ಸ್ ಎಂಬ ಕರುಳಿನ ಉರಿಯೂತದ ರೋಗದಿಂದ ಭಗಂದರವಾಗಿ, ಕೀವು ಸೋರುತ್ತ, ಕುಳಿತರೂ ನಿಂತರೂ ನೋವುಣ್ಣುತ್ತ ಚಪಳಗಾಂವದಿಂದ ಸೊಲ್ಲಾಪುರದ ಆಸ್ಪತ್ರೆಗೆ ಅಲೆಯುವ ಬಂಧುಗಳೇ, ‘ಸ್ಟೆಮ್ ಸೆಲ್’ (ಕಾಂಡಕೋಶ) ಎಂದೊಡನೆ ಹೊಲ ಮಾರಲು ಹೊರಡುವ ಮುನ್ನ ಈ ವೃತ್ತಾಂತವನ್ನು ಲಾಲಿಸಿರಿ.

ದಾನಿಯ ಕೊಬ್ಬಿನಿಂದ ತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿದ 12 ಕೋಟಿ ಕಾಂಡಕೋಶಗಳನ್ನು, ಭಗಂದರವನ್ನು ಕೆರೆದು ಶುದ್ಧಗೊಳಿಸಿ, ಒಳಬಾಯಿಯನ್ನು ಹೊಲಿದು, ಸುತ್ತಣ ಮಾಂಸದೊಳಗೆ ಸೂಜಿಯಿಂದ ಸೇರಿಸಿದರೆ, ಅವು ಸ್ರವಿಸುವ ದ್ರವ್ಯಗಳಿಂದ ಉರಿಯೂತವು ಶಮನಗೊಳ್ಳುವುದೆಂಬ ಭರವಸೆಯ ಮೇಲೆ, ‘ಅಲೋಫಿಸೆಲ್’ ಎಂಬ ಔಷಧಕ್ಕೆ 2018ರಲ್ಲಿ ಯುರೋಪು ಮನ್ನಣೆಯಿತ್ತಿತು. ಮುಂದಿನ ದೊಡ್ಡ ಪರೀಕ್ಷೆಯಲ್ಲಿ ಹುಸಿಮದ್ದಿಗಿಂತ ಗಣನೀಯ ಗುಣ ಕಾಣದೆ, 2024ರ ಡಿಸೆಂಬರಿನಲ್ಲಿ ಅದು ಅಲ್ಲಿಯ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ನಿಜಕ್ಕೂ ವಿಷಾದದ ಸಂಗತಿ.

ನಮ್ಮ ದೇಶದಲ್ಲಾದರೋ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಇಂಥ ರೋಗಕ್ಕೆ ಕಾಂಡಕೋಶವನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ, ರೋಗಿಯಿಂದ ಹಣ ಪಡೆಯದೆ ಕೊಡತಕ್ಕದ್ದು. ಯಾರಾದರೂ ಕೊಡುತ್ತೇವೆಂದರೆ, ಮೊದಲು ಆ ಪ್ರಯೋಗದ ಸಿಟಿಆರ್‌ಐ (ಭಾರತದ ಚಿಕಿತ್ಸಾ ಪ್ರಯೋಗಗಳ ದಾಖಲೆ) ನೋಂದಣಿ ಸಂಖ್ಯೆಯನ್ನು ಕೇಳಿರಿ.