ಅಮ್ಮನೂ ಚಾಪೆ ಮೇಲೆ ಕೂರುವ ಶಾಲೆ

ಐದು ವರ್ಷದ ಹುಡುಗನೊಬ್ಬ ಚಡ್ಡಿ ಹಾಕಿಕೊಳ್ಳುವುದನ್ನು ಕಲಿಯುತ್ತಿದ್ದಾನೆ. ಅವನ ಅಮ್ಮ ಎರಡೂ ಕಾಲು ತೂರಿಸಿ, ಚಡ್ಡಿಯನ್ನು ಮೊಣಕಾಲು ದಾಟಿಸಿ, ಸೊಂಟದ ಹತ್ತಿರದವರೆಗೂ ತಂದು ನಿಲ್ಲಿಸುತ್ತಾರೆ. ಕೊನೆಯ ಒಂದು ಎಳೆತ ಮಾತ್ರ ಅವನದು. ಹೆಬ್ಬೆರಳುಗಳನ್ನು ಎಲಾಸ್ಟಿಕ್ ಒಳಗೆ ಸಿಕ್ಕಿಸಿ, "ಎಳಿ ಮಗನೇ" ಎಂದು ಕಾಯುತ್ತಾರೆ. ಹುಡುಗ ಕಿಟಕಿ ನೋಡುತ್ತಾನೆ, ಗೋಡೆ ನೋಡುತ್ತಾನೆ. ತಡೆಯಲಾರದೆ ಅಮ್ಮನ ಕೈ ಮುಂದಕ್ಕೆ ಹೋಗುತ್ತದೆ. ಪಕ್ಕದಲ್ಲಿ ಕೂತ ಟೀಚರ್ ಮೆಲ್ಲಗೆ ಹೇಳುತ್ತಾರೆ: "ಬಿಡಿ ಅಮ್ಮ, ಅವನೇ ಎಳೀತಾನೆ." ಎಳೆದೇಬಿಟ್ಟ. ಕೋಣೆ ತುಂಬ ಚಪ್ಪಾಳೆ.

ಇದೇ ಕೆಲಸವನ್ನು ನಾವೆಲ್ಲ ಮಕ್ಕಳಿಗೆ ಮೊದಲಿನಿಂದ ಶುರು ಮಾಡಿ ಕಲಿಸುತ್ತೇವೆ: ಮೊದಲು ಎಡಗಾಲು ಹಾಕು, ಆಮೇಲೆ ಬಲಗಾಲು. ಕಲಿಕೆ ನಿಧಾನವಾಗಿರುವ ಮಗು ಮೊದಲ ಹೆಜ್ಜೆಯಲ್ಲೇ ಸೋತು ಅಳಲು ಕೂರುತ್ತದೆ. ಅದಕ್ಕೇ ಇಲ್ಲಿ ಕೊನೆಯಿಂದ ಹಿಂದಕ್ಕೆ ಕಲಿಸುತ್ತಾರೆ. ಕೊನೆಯ ಎಳೆತ ಕೈವಶವಾದ ಮೇಲೆ ಚಡ್ಡಿಯನ್ನು ತೊಡೆಯ ಬಳಿ ಬಿಡುತ್ತಾರೆ. ಅದೂ ಬಂತೆಂದರೆ ಮೊಣಕಾಲಿನ ಬಳಿ. ಎಲ್ಲಿಂದ ಹಿಡಿದರೂ ಕೆಲಸ ಮುಗಿಸುವುದು ಮಗುವೇ, ಆದ್ದರಿಂದ ಗೆಲ್ಲುವುದೂ ಪ್ರತಿಸಲ ಅದೇ. ಊಟದ ಡಬ್ಬಿಯ ಮುಚ್ಚಳ, ಅಂಗಿಯ ಗುಂಡಿ, ಚಪ್ಪಲಿಯ ಪಟ್ಟಿ, ಎಲ್ಲಕ್ಕೂ ಇದೇ ಕ್ರಮ. ಮಕ್ಕಳಿಗೆ ಕಲಿಸುವ ಬಗೆಗಳಲ್ಲಿ ಇದಕ್ಕಿಂತ ಕರುಣೆಯುಳ್ಳದ್ದನ್ನು ನಾನು ಕಂಡಿಲ್ಲ.

ಇದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪ್ರಿಸ್ಕೂಲ್. ಊರಿನವರ ಬಾಯಲ್ಲಿ ಸಂಸ್ಥೆಯ ಹೆಸರು 'ಆಯಿಷ್', ಇಲ್ಲವೇ 'ಸ್ಪೀಚ್ ಅಂಡ್ ಹಿಯರಿಂಗ್'. ಆರಂಭವಾದದ್ದು 1965ರಲ್ಲಿ. ಜಯಚಾಮರಾಜ ಒಡೆಯರು ಕೊಟ್ಟ 22 ಎಕರೆ ಜಾಗದಲ್ಲಿ 1966ರಲ್ಲಿ ಮುಖ್ಯ ಕಟ್ಟಡಕ್ಕೆ ಅಡಿಗಲ್ಲು ಹಾಕಿದವರು ರಾಷ್ಟ್ರಪತಿ ಎಸ್. ರಾಧಾಕೃಷ್ಣನ್; ಒಂದು ಕಾಲದಲ್ಲಿ ಇದೇ ಊರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದವರು. ಕೇಂದ್ರ ಆರೋಗ್ಯ ಸಚಿವಾಲಯದ ಅಡಿಯಲ್ಲಿ ನಡೆಯುವ ಈ ಸಂಸ್ಥೆಗೆ ಮಾತು ಬಾರದ, ಕಿವಿ ಕೇಳದ, ಬೆಳವಣಿಗೆ ತಡವಾದ ಮಕ್ಕಳನ್ನು ಕರೆದುಕೊಂಡು ಕೇರಳದಿಂದ, ಉತ್ತರ ಭಾರತದಿಂದಲೂ ಬರುತ್ತಾರೆ.

ಪ್ರಿಸ್ಕೂಲಿನ ವಿಶೇಷವೆಂದರೆ ತಾಯಂದಿರು ಗೇಟಿನಲ್ಲಿ ಮಗುವನ್ನು ಬಿಟ್ಟು ಹೋಗುವುದಿಲ್ಲ. ಅವರೂ ಒಳಗೆ ಬಂದು ಕೂರುತ್ತಾರೆ. ಇವತ್ತು ಕಲಿಸಿದ್ದನ್ನು ಸಂಜೆ ಮನೆಯಲ್ಲಿ ಮುಂದುವರಿಸುವವರು ಅವರೇ. ಇಲ್ಲಿನ ತರಗತಿಗಳು ಮನೆಮಾತಿಗೆ ತಕ್ಕಂತೆ ನಡೆಯುತ್ತವೆ. 'ಮಗುವಿಗೆ ಮಾತು ತಡ, ಆದ್ದರಿಂದ ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಆಡಿ' ಎಂಬ ಬಿಟ್ಟಿ ಸಲಹೆ ನಮ್ಮ ಪೇಟೆಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಅಜ್ಜಿಗೆ ಬಾರದ ಭಾಷೆಯಲ್ಲಿ ಮಗು ಯಾರ ಜೊತೆ ಮಾತಾಡಬೇಕು?

ಮಾತು ಕಲಿಸುವಲ್ಲೂ ಒಂದು ಜಾಣತನವಿದೆ. ಬಿಸ್ಕತ್ತನ್ನು ಪಾರದರ್ಶಕ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿ ಮಾಡುತ್ತಾರೆ. ಮಗುವಿಗೆ ಬಿಸ್ಕತ್ತು ಕಾಣುತ್ತದೆ, ತೆಗೆಯಲಾಗುವುದಿಲ್ಲ. ಡಬ್ಬಿ ಹಿಡಿದು ದೊಡ್ಡವರ ಹತ್ತಿರ ಬರಲೇಬೇಕು. ಆಗ "ತೆಗಿ" ಎಂದು ಒಮ್ಮೆ ಹೇಳಿ, ಅದರ ಮುಖ ನೋಡುತ್ತ ಕಾಯಬೇಕು. ಒಂದು ನೋಟವೋ, ಬೆರಳು ತೋರಿಸಿದ್ದೋ, 'ತೆ' ಎಂಬ ಅರ್ಧ ದನಿಯೋ ಬಂದರೂ ಬಿಸ್ಕತ್ತು ಸಿಗುತ್ತದೆ. ಕೇಳುವ ಮೊದಲೇ ಎಲ್ಲವನ್ನೂ ಬಾಯಿಗಿಡುವ ಮನೆಯಲ್ಲಿ ಮಗುವಿಗೆ ಕೇಳುವ ಅಗತ್ಯವೇ ಬೀಳುವುದಿಲ್ಲವಂತೆ.

ಚಡ್ಡಿ ಎಳೆದುಕೊಂಡ ಹುಡುಗನ ಅಮ್ಮ ಚಾಮರಾಜನಗರ ಕಡೆಯವರು. ಹೆಸರು ಬೇಡ ಎಂದರು. ಮೂರು ತುಂಬಿದರೂ ಮಗ 'ಅಮ್ಮ' ಎನ್ನದಿದ್ದಾಗ ಅತ್ತೆ, "ಅವರಪ್ಪನೂ ತಡವಾಗೇ ಮಾತಾಡಿದ್ದು, ಸುಮ್ನಿರು" ಎಂದು ನಾಲಿಗೆಗೆ ಬಜೆ ತೇಯ್ದು ಸವರಿದರಂತೆ. ಡಾಕ್ಟರೊಬ್ಬರು ನೋಡೋಣ, ಇನ್ನೂ ಟೈಮಿದೆ ಎಂದರು. ಪಟ್ಟಣದ ನರ್ಸರಿಯೊಂದು ಫೀಸು ಕಟ್ಟಿಸಿಕೊಂಡು, ಬೇರೆ ಪೋಷಕರು ಆಕ್ಷೇಪ ಮಾಡುತ್ತಿದ್ದಾರೆಂದು ವಾಪಸು ಕಳಿಸಿತು. ಕೊನೆಗೆ ಗುರುತಿಸಿದವರು ಊರಿನ ಅಂಗನವಾಡಿ ಟೀಚರ್. "ಕರೆದ್ರೆ ತಿರುಗಿ ನೋಡಲ್ಲ, ಕಿವಿ ತೋರಿಸಿ" ಎಂದರು. ಸರಿಯಾದ ಮಾತೇ. ಬುದ್ಧಿ ಮಂದ ಎಂದೋ ಆಟಿಸಂ ಎಂದೋ ಹಣೆಪಟ್ಟಿ ಹಚ್ಚುವ ಮೊದಲು ಕಿವಿ ಪರೀಕ್ಷೆ ಆಗಬೇಕು. ಇವನ ಕಿವಿ ಚೆನ್ನಾಗಿತ್ತು. ಬೆಳವಣಿಗೆಯೇ ತಡ ಎಂದು ಗೊತ್ತಾಯಿತು.

ಈಗ ತಾಯಿ ಮಗ ಬೋಗಾದಿ ಕಡೆ ಒಂದು ಬಾಡಿಗೆ ಕೋಣೆಯಲ್ಲಿದ್ದಾರೆ. ಗಂಡ ಊರಲ್ಲಿ, ದೊಡ್ಡ ಮಗಳು ಅಜ್ಜಿಯ ಜೊತೆ. 2023ರಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಊರಿಗೆ ಹೋಗಿಬರುವ ಬಸ್ ಖರ್ಚು ಉಳಿದಿದೆ. ಆದರೆ ಬಾಡಿಗೆ ಉಳಿಯುವುದಿಲ್ಲ, ಹೊಲದ ಕೂಲಿಯೂ ತಪ್ಪಿದೆ. "ಅವಳಿಗೂ ಅಮ್ಮ ಬೇಕಲ್ವಾ" ಎಂದು ಮಗಳನ್ನು ನೆನೆದು ಅವರು ಸುಮ್ಮನಾದರು.

ಇಷ್ಟು ದೂರ ಯಾಕೆ ಬರಬೇಕು ಎಂಬುದೇ ನನ್ನ ಪ್ರಶ್ನೆ. ಕಾಗದದ ಮೇಲೆ ವ್ಯವಸ್ಥೆ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ತೊಂದರೆ ಕಂಡರೆ ಜಿಲ್ಲಾ ಮಟ್ಟದ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ (ಡಿಇಐಸಿ) ಕಳಿಸಬೇಕು. ವಿಕಲಚೇತನ ಮಕ್ಕಳಿಗಾಗಿಯೇ ಅಂಗನವಾಡಿಗಳು ಪಾಲಿಸಬೇಕಾದ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದೆ. ಆದರೆ ಹಕ್ಕು ಎಂದು ಕೇಳಲು ಹೋದರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಉಚಿತ ಶಿಕ್ಷಣದ ಭರವಸೆ ಕೊಡುವುದು ಆರರಿಂದ ಹದಿನೆಂಟು ವರ್ಷದವರಿಗೆ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕವೂ ಆರರಿಂದಲೇ. ಮಿದುಳು ಅತಿ ವೇಗವಾಗಿ ಬೆಳೆಯುವ ಮೊದಲ ಆರು ವರ್ಷ ಅಪ್ಪ ಅಮ್ಮನ ಜೇಬಿಗೆ, ಅದೃಷ್ಟಕ್ಕೆ ಬಿಟ್ಟದ್ದು.

ಕರ್ನಾಟಕದ ಮೊದಲ ಅಂಗನವಾಡಿಗಳು 1975ರಲ್ಲಿ ಶುರುವಾದದ್ದು ಮೈಸೂರಿನ ಪಕ್ಕದ ತಿ. ನರಸೀಪುರ ತಾಲೂಕಿನಲ್ಲಿ. ಇವತ್ತು ಅಂಗನವಾಡಿ ಇಲ್ಲದ ಊರೇ ಅಪರೂಪ. ತಾಲೂಕಿಗೊಬ್ಬ ವಿಶೇಷ ಶಿಕ್ಷಕಿ ವಾರಕ್ಕೊಮ್ಮೆ ಆ ಅಂಗನವಾಡಿಗಳಿಗೆ ಬಂದು, ಟೀಚರಿಗೂ ತಾಯಿಗೂ ಚಡ್ಡಿಯ ಆ ಕೊನೆಯ ಎಳೆತವನ್ನು ತೋರಿಸಿಕೊಟ್ಟಿದ್ದರೆ ಎಷ್ಟೋ ಮನೆಗಳು ಎರಡು ಊರಿನಲ್ಲಿ ಒಲೆ ಹಚ್ಚಬೇಕಾಗುತ್ತಿರಲಿಲ್ಲ.

ಮಗು ಒಂದೂವರೆ ವರ್ಷಕ್ಕೂ ನಡೆಯದಿದ್ದರೆ, ಎರಡು ವರ್ಷಕ್ಕೂ ಎರಡು ಪದ ಕೂಡಿಸಿ ಆಡದಿದ್ದರೆ, ಹೆಸರು ಹಿಡಿದು ಕರೆದಾಗ ತಿರುಗದಿದ್ದರೆ ಕಾಯಬೇಡಿ, ತೋರಿಸಿ. ಯಾವ ಪ್ರಿಸ್ಕೂಲಿಗೆ ಸೇರಿಸುವ ಮುನ್ನವೂ ಎರಡು ವಿಷಯ ಕೇಳಿಕೊಳ್ಳಿ: ಮಗುವಿಗೇ ಎಂದು ಪ್ರತ್ಯೇಕ ಯೋಜನೆ ಬರೆಯುತ್ತೀರಾ, ಅಮ್ಮನನ್ನು ಒಳಗೆ ಬಿಡುತ್ತೀರಾ?

ಮುಂದಿನ ಜೂನ್‌ಗೆ ಈ ಹುಡುಗನಿಗೆ ಆರು ತುಂಬುತ್ತದೆ. ಊರಿನ ಸರ್ಕಾರಿ ಶಾಲೆಗೇ ಸೇರಿಸುವುದು ಅವನಮ್ಮನ ಆಸೆ. ಅಂಥ ಶಾಲೆಗಳ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಅವನನ್ನು ದಾಖಲು ಮಾಡಿಕೊಳ್ಳಿ, ಮೊದಲ ಕೆಲವು ವಾರ ಅಮ್ಮನಿಗೂ ತರಗತಿಯಲ್ಲಿ ಒಂದು ಜಾಗ ಕೊಡಿ.