ವಿದ್ಯುತ್ ಒಲೆ ಕೊಳ್ಳುವ ಮುನ್ನ ಪಾತ್ರೆಯ ತಳ ನೋಡಿ



ಮಳೆಗಾಲ ಬಂತೆಂದರೆ ಮಲೆನಾಡಿನ ಅಡಿಗೆಮನೆಗೆ ಎರಡು ಚಿಂತೆ. ಸೌದೆ ಒದ್ದೆ, ಒಳದಾರಿಯ ಮನೆಗಳಿಗೆ ಗ್ಯಾಸ್ ಸಿಲಿಂಡರ್ ಸಕಾಲಕ್ಕೆ ಬರುವುದಿಲ್ಲ. ಹೀಗಾಗಿ ನಮ್ಮಲ್ಲಿ ಅನೇಕರು ಇಂಡಕ್ಷನ್ ಒಲೆಯತ್ತ ತಿರುಗಿದ್ದಾರೆ. ನಾವೂ ಒಂದನ್ನು ಕೊಂಡೆವು. ಮನೆಗೆ ತಂದು ಅಲ್ಯೂಮಿನಿಯಂ ಕುಕ್ಕರ್ ಇಟ್ಟರೆ ಒಲೆ ಕುಂಯ್‌ಗುಟ್ಟಿ ನಿಂತುಹೋಯಿತು. ಹಿತ್ತಾಳೆ ತಪ್ಪಲೆ ಇಟ್ಟೆವು, ಅದೇ ಕಥೆ. ಅಂಗಡಿಯವರು ಒಲೆಯ ಬೆಲೆ ಹೇಳಿದ್ದರೇ ಹೊರತು ಪಾತ್ರೆಯ ಮಾತೆತ್ತಿರಲಿಲ್ಲ. ಕೊನೆಗೆ ಪಾತ್ರೆಗಳಿಗೆ ತೆತ್ತ ಹಣ ಒಲೆಯ ಬೆಲೆಯನ್ನೇ ಮೀರಿತು. ಈ ನಷ್ಟ ಇತರ ಸದಸ್ಯರಿಗೆ ಆಗದಿರಲೆಂದು ಈ ನಾಲ್ಕು ಮಾತು.

ಪಾತ್ರೆಯೂ ಒಲೆಯ ಭಾಗ

ಈ ಒಲೆಯಲ್ಲಿ ಕೆಂಪಗೆ ಕಾಯುವ ತಂತಿ ಇಲ್ಲ. ಗಾಜಿನ ಹಲಗೆಯ ಕೆಳಗಿನ ತಾಮ್ರದ ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುತ್ತದೆ. ಅದರಿಂದ ಉಂಟಾಗುವ ಕಾಂತಕ್ಷೇತ್ರವು ಪಾತ್ರೆಯ ತಳದಲ್ಲೇ ವಿದ್ಯುತ್ತನ್ನು ಹುಟ್ಟಿಸಿ ಅದನ್ನು ಕಾಯಿಸುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ಈ ತತ್ವದಿಂದಲೇ ತೋಟದ ಬದಿಯ ಟ್ರಾನ್ಸ್‌ಫಾರ್ಮರ್ ಕೂಡ ನಡೆಯುವುದು. ತಳದಲ್ಲಿ ಆಯಸ್ಕಾಂತ ಹಿಡಿಯುವ ಲೋಹವಿಲ್ಲದಿದ್ದರೆ ಸಾಮಾನ್ಯ ಇಂಡಕ್ಷನ್ ಒಲೆ ಕಾಯಿಸಲಾರದು.

ಯಾವುದು ಸರಿ, ಯಾವುದು ಬೇಡ

ಪರೀಕ್ಷೆ ಸುಲಭ. ಹಳೆಯ ರೇಡಿಯೋ ಸ್ಪೀಕರಿನ ಆಯಸ್ಕಾಂತವಾದರೂ ಸಾಕು. ಪಾತ್ರೆಯ ಬದಿಗಲ್ಲ, ತಳಕ್ಕೆ ಹಿಡಿಯಿರಿ. ಗಟ್ಟಿಯಾಗಿ ಅಂಟಿದರೆ ಸರಿ. ಕಬ್ಬಿಣದ ಕಾವಲಿ, ಎನಾಮಲ್ ಪಾತ್ರೆ ಅಂಟುತ್ತವೆ. ತಾಮ್ರ, ಹಿತ್ತಾಳೆ, ಬರಿ ಅಲ್ಯೂಮಿನಿಯಂ, ಮಣ್ಣಿನ ಗಡಿಗೆ ಅಂಟುವುದಿಲ್ಲ. ಸ್ಟೀಲಿನಲ್ಲಿ ಎರಡೂ ಬಗೆಯುಂಟು. ಹೊಳಪು ನೋಡಿ ಮೋಸ ಹೋಗಬಾರದು. ತಳಕ್ಕೆ ಕಾಂತ ಹಿಡಿಯುವ ಸ್ಟೀಲ್ ತಟ್ಟೆ ಕೂಡಿಸಿದ ಅಲ್ಯೂಮಿನಿಯಂ ಕುಕ್ಕರ್ ನಡೆಯುತ್ತದೆ.

ತಳ ಸಮತಟ್ಟಾಗಿರಬೇಕು. ದುಂಡು ತಳದ ಬಾಣಲೆ, ಸೊಟ್ಟಗಾದ ಕಾವಲಿ ಪ್ರಯೋಜನವಿಲ್ಲ. ಡಿಕಾಕ್ಷನ್ ಬಿಸಿಮಾಡುವ ಪುಟ್ಟ ಪಾತ್ರೆಯನ್ನು ಒಲೆ ಗುರುತಿಸದೇ ಇರಬಹುದು. ತಳದ ಅಗಲ 12 ಸೆಂಟಿಮೀಟರಾದರೂ ಇರಲಿ. ತೆಳು ತಳದಲ್ಲಿ ಹಾಲು ಬೇಗ ಹತ್ತುತ್ತದೆ. ದಪ್ಪ ತಳವೇ ಲೇಸು. ದೋಸೆಯ ಕಾವಲಿಯನ್ನು ಕಡಿಮೆ ಉರಿಯಲ್ಲಿಟ್ಟು ನಿಧಾನವಾಗಿ ಕಾಯಿಸಿ. ಒಮ್ಮೆಲೇ ಏರಿಸಿದರೆ ನಡುವೆ ಸೀದು ಅಂಚು ಹಸಿಯಾಗಿ ಉಳಿಯುತ್ತದೆ, ಕಾವಲಿಯೂ ಸೊಟ್ಟಗಾದೀತು.

ಇರುವ ಪಾತ್ರೆಗಳನ್ನೇ ಬಳಸಬೇಕೆನ್ನುವವರಿಗೆ ಹಾಟ್‌ಪ್ಲೇಟ್ ಅಥವಾ ಇನ್‌ಫ್ರಾರೆಡ್ ಒಲೆ ಉಂಟು. ಅವುಗಳ ಮೇಲೆ ಸಮತಟ್ಟು ತಳದ ಯಾವ ಲೋಹದ ಪಾತ್ರೆಯೂ ನಡೆಯುತ್ತದೆ. ಆದರೆ ಅವುಗಳಲ್ಲಿ ಶಾಖದ ನಷ್ಟ ಹೆಚ್ಚು. ಆರಿಸಿದ ಮೇಲೂ ಬಹಳ ಹೊತ್ತು ಮೇಲ್ಭಾಗ ಸುಡುತ್ತಿರುತ್ತದೆ.

ವೋಲ್ಟೇಜು ಮತ್ತು ವೈರಿಂಗು

ಲೈನಿನ ಕೊನೆಯ ಮನೆಗಳು ಇದನ್ನು ಮರೆಯಬಾರದು. ವೋಲ್ಟೇಜು ತೀರಾ ಇಳಿದರೆ ಇಂಡಕ್ಷನ್ ಒಲೆ ತಾನಾಗಿ ನಿಲ್ಲುತ್ತದೆ. ಹಾಟ್‌ಪ್ಲೇಟ್ ನಿಲ್ಲದಿದ್ದರೂ 230 ವೋಲ್ಟಿನ ಬದಲು 180 ಬಂದರೆ ಶಾಖ ಸುಮಾರು ಶೇಕಡಾ 61ಕ್ಕೆ ಇಳಿಯುತ್ತದೆ.

2000 ವಾಟಿನ ಒಲೆ ಪೂರ್ಣ ಉರಿಯಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅರ್ಧ ಗಂಟೆಗೆ ಒಂದು ಯೂನಿಟ್. 6 ಆಂಪಿಯರಿನ ಚಿಕ್ಕ ಪ್ಲಗ್ಗಿಗೆ ಇದನ್ನು ಖಂಡಿತ ಹಾಕಬೇಡಿ. 16 ಆಂಪಿಯರಿನ ಪವರ್ ಪ್ಲಗ್, ಸರಿಯಾದ ತಂತಿ ಮತ್ತು ಅರ್ತಿಂಗ್ ಇರಲೇಬೇಕು. ಖಾಲಿ ಪಾತ್ರೆ ಕಾಯಿಸಬೇಡಿ. ಫ್ಯಾನಿಗೆ ಗಾಳಿಯಾಡುವಂತೆ ಗೋಡೆಯಿಂದ ದೂರವಿಡಿ. ಎದೆಯಲ್ಲಿ ಪೇಸ್‌ಮೇಕರ್ ಉಳ್ಳವರು ವೈದ್ಯರನ್ನು ಕೇಳಿಯೇ ಬಳಸಬೇಕು.

ಹಳೆಯ ಒಲೆ ಇರಲಿ

ಅಡಿಕೆ ಬೇಯಿಸುವ ತಾಮ್ರದ ಹಂಡೆಗೂ ಬಚ್ಚಲ ಹಂಡೆಗೂ ಸೌದೆಯ ಒಲೆಯೇ ಸರಿ. ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟು ಹೋದಾಗ ಅನ್ನ ಬೇಯಿಸುವುದೂ ಅದೇ. ಆದುದರಿಂದ ಅದನ್ನು ಕೀಳಬೇಡಿ. ಒಂದಷ್ಟು ಒಣ ಸೌದೆ ಅಟ್ಟದಲ್ಲಿರಲಿ.

ಪೇಟೆಗೆ ಹೊರಡುವ ಮುನ್ನ ಮನೆಯ ಹೆಂಗಸರೊಡನೆ ಕುಳಿತು ದಿನನಿತ್ಯ ಬಳಸುವ ಪಾತ್ರೆಗಳ ತಳಕ್ಕೆ ಆಯಸ್ಕಾಂತ ಹಿಡಿದು ನೋಡಿ. ಎಷ್ಟು ಅಂಟುತ್ತವೆ, ಎಷ್ಟು ಹೊಸದಾಗಿ ಕೊಳ್ಳಬೇಕು ಎಂದು ಲೆಕ್ಕ ಹಾಕಿ. ಆ ಮೊತ್ತವನ್ನು ಒಲೆಯ ಬೆಲೆಗೆ ಕೂಡಿಸಿದರೆ ಬರುವುದೇ ನಿಜವಾದ ಬೆಲೆ. ಆಯಸ್ಕಾಂತ ಇಲ್ಲದವರು ಸಂಘದ ಕಚೇರಿಗೆ ಬನ್ನಿ. ಮೇಜಿನ ಮೇಲೆ ಒಂದನ್ನು ಇಟ್ಟಿದ್ದೇವೆ.